ತರಬೇತಿ ಮುಗಿಸಿ ಬಂದ ಹುಡುಗರ ಜೊತೆ ಆಮೇಲೆ ಯಾರಿರುತ್ತಾರೆ?

ಅಂಗಡಿಬೀದಿ (ಅರಸೀಕೆರೆ)
ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ನಮ್ಮ ಬೀದಿಯ ನಾಲ್ಕೈದು ಅಂಗಡಿಯವರು, ಒಬ್ಬರು ರಿಟೈರ್ಡ್ ಮೇಷ್ಟ್ರು, ತೆರಿಗೆ ಲೆಕ್ಕ ಬರೆಯುವ ಒಬ್ಬರು ಸೇರಿ ಒಂದು ಯೋಚನೆ ಮಾಡಿದ್ದೇವೆ. ಸುತ್ತಲಿನ ಹಳ್ಳಿಗಳಲ್ಲಿ ಸ್ವಯಂ ಉದ್ಯೋಗದ ತರಬೇತಿ ತಗೊಂಡವರು ಬೇಕಾದಷ್ಟು ಜನ ಇದ್ದಾರೆ. ಮೊಬೈಲ್ ರಿಪೇರಿ, ಹೊಲಿಗೆ, ಅಣಬೆ, ಸಿಸಿಟಿವಿ, ಬ್ಯೂಟಿ ಪಾರ್ಲರ್. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಗೋಡೆಗೆ ತಗುಲಿಸಿರುತ್ತಾರೆ. ಸ್ವಲ್ಪ ದಿನ ಓಡಾಡುತ್ತಾರೆ, ಆಮೇಲೆ ನೋಡಿದರೆ ಪೀಣ್ಯದಲ್ಲಿ ಇರುತ್ತಾರೆ, ಇಲ್ಲ ಹಾಸನದ ಗಾರ್ಮೆಂಟ್ಸ್‌ನಲ್ಲಿ.

ನಮ್ಮ ಪ್ಲಾನ್ ಇಷ್ಟೆ. ನಾವು ಒಬ್ಬೊಬ್ಬರು ಒಬ್ಬೊಬ್ಬ ಹುಡುಗನನ್ನೋ ಹುಡುಗಿಯನ್ನೋ ಎರಡು ವರ್ಷ ಜೊತೆಗಿದ್ದು ನೋಡಿಕೊಳ್ಳುವುದು. ಕ್ಲಾಸು ಬೇಡ, ಭಾಷಣ ಬೇಡ. ವಾರಕ್ಕೊಮ್ಮೆ ಕೂತು ಲೆಕ್ಕ ನೋಡುವುದು, ಎಲ್ಲಾದರೂ ಮಾತಾಡಬೇಕಿದ್ದರೆ ಜೊತೆಗೆ ಹೋಗುವುದು.

ಕೇಳುವುದು ಏನೆಂದರೆ: ಇದು ನಡೆಯುತ್ತದಾ? ನಾವು ದುಡ್ಡು ಹಾಕಬೇಕಾ? ಯಾರದಾದರೂ ಕೈಕೆಳಗೆ ಹೀಗೆ ಕಲಿತು ಅಂಗಡಿ ಇಟ್ಟವರು ಇಲ್ಲಿದ್ದರೆ ನಿಮಗೆ ನಿಜವಾಗಿ ಬೇಕಾಗಿದ್ದು ಏನು ಹೇಳಿ. ‘ಯುವಕರಲ್ಲಿ ಸ್ಫೂರ್ತಿ ತುಂಬಿ’ ಅಂತ ಮಾತ್ರ ದಯವಿಟ್ಟು ಬರೆಯಬೇಡಿ.

ಆಲೂರು ಎಕ್ಸ್‌ಪ್ರೆಸ್
ಯುವಕರಲ್ಲಿ ಸ್ಫೂರ್ತಿ ತುಂಬಿ.

ಅಂಗಡಿಬೀದಿ (ಅರಸೀಕೆರೆ)
ಗೊತ್ತಿತ್ತು ಯಾರಾದರೂ ಬರೆದೇ ಬರೆಯುತ್ತೀರಿ ಅಂತ.

ಉಜಿರೆ ಬ್ಯಾಚ್ (ಮೂಡಿಗೆರೆ)
ತರಬೇತಿಯನ್ನು ಇಷ್ಟು ಹಗುರ ಮಾಡಬೇಡಿ. ನಾನು ಚಾರ್ಮಾಡಿ ಇಳಿದು ಉಜಿರೆಯ ರುಡ್‌ಸೆಟ್ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಕಲಿತವನು. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಶುರು ಮಾಡಿದ್ದು. ಅದನ್ನೇ ನೋಡಿ ಕೇಂದ್ರ ಸರ್ಕಾರ ಜಿಲ್ಲೆಗೊಂದು ಅಂಥದೇ ತರಬೇತಿ ಸಂಸ್ಥೆ, ಆರ್‌ಸೆಟಿ, ಮಾಡಿಸಿತು, 2009ರಿಂದ. ಊಟ, ವಸತಿ, ತರಬೇತಿ ಎಲ್ಲ ಉಚಿತ.

ಕಸುಬು ಕಲಿಸುವುದು ಒಂದು ಭಾಗ ಮಾತ್ರ. ನನಗೆ ಇವತ್ತಿಗೂ ನೆನಪಿರುವುದು ಕಾಗದದ ದೋಣಿ ಆಟ. ಇಷ್ಟು ನಿಮಿಷದಲ್ಲಿ ಎಷ್ಟು ದೋಣಿ ಮಾಡುತ್ತೀಯ ಅಂತ ಮೊದಲೇ ಹೇಳಬೇಕು. ಅಷ್ಟಕ್ಕೆ ಕಾಗದ ‘ಕೊಂಡುಕೊಳ್ಳಬೇಕು’. ಮಾಡಿ ತಂದು ಕೊಟ್ಟರೆ ಸರ್ ಒಂದೊಂದನ್ನೇ ಎತ್ತಿ ನೋಡಿ, ಮಡಿಕೆ ಸೊಟ್ಟ ಇದ್ದರೆ ಪಕ್ಕಕ್ಕೆ ಎಸೆಯುತ್ತಿದ್ದರು. ಮೂವತ್ತು ಅಂತ ಜಂಬದಿಂದ ಹೇಳಿದವರು ಹನ್ನೆರಡು ಪಾಸಾಗಿ ನಷ್ಟದಲ್ಲಿ ಕೂತರು. ಹತ್ತು ಹೇಳಿ ಹತ್ತು ಕೊಟ್ಟ ಹುಡುಗಿ ಲಾಭದಲ್ಲಿದ್ದಳು. ಅದಕ್ಕಿಂತ ಚೆನ್ನಾಗಿ ಯಾವ ಎಂಬಿಎ ಹೇಳಿಕೊಡುತ್ತದೆ?

ಇನ್ನೊಂದು, ತರಬೇತಿ ಆದ ಮೇಲೆ ಎರಡು ವರ್ಷ ಅವರೇ ಫಾಲೋಅಪ್ ಮಾಡಬೇಕು ಅಂತ ನಿಯಮವೇ ಇದೆ. ನಿಮ್ಮ ‘ಹೊಸ’ ಐಡಿಯಾ ಅಲ್ಲೇ ಇದೆ ಸಾರ್.

ಸಂತೆಪೇಟೆ (ಹಾಸನ)
ನಿಯಮ ಇದೆ ಸರಿ. ಒಂದು ಸಂಸ್ಥೆಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಸಿಬ್ಬಂದಿ, ತಿಂಗಳು ತಿಂಗಳೂ ಹೊಸ ಬ್ಯಾಚು, ಒಂದು ಬ್ಯಾಚಿಗೆ 25–35 ಜನ. ಫೋನ್ ಮಾಡಿ ‘ಅಂಗಡಿ ಹಾಕಿದ್ರಾ, ಸಾಲ ಸಿಕ್ತಾ’ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಅವರನ್ನು ಬೈಯುತ್ತಿಲ್ಲ, ಅಷ್ಟೇ ಸಾಧ್ಯ. ಸಂಜೆ ಏಳಕ್ಕೆ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆ ಎಣಿಸಿ ‘ಇದರಲ್ಲಿ ನಿಂದು ಎಷ್ಟು, ಸಪ್ಲೈಯರ್‌ದು ಎಷ್ಟು’ ಅಂತ ಕೇಳುವವರು ಬೇರೆ ಬೇಕು. ಅಂಗಡಿಬೀದಿಯವರು ಹೇಳುತ್ತಿರುವುದು ಅದನ್ನ.

ಉಜಿರೆ ಬ್ಯಾಚ್ (ಮೂಡಿಗೆರೆ)
ಒಪ್ಪಿದೆ. ನಮ್ಮ ಕಾಲದಲ್ಲಿ ಸರ್ ಮನೆಗೇ ಬಂದಿದ್ದರು, ಈಗ ಹೇಗೋ ಗೊತ್ತಿಲ್ಲ.

ಪುಡಿಡಬ್ಬಿ (ಚಿಕ್ಕಮಗಳೂರು)
ನಾನು ಹೀಗೆ ಒಬ್ಬರ ಕೈಕೆಳಗೆ ಕಲಿತವಳು, ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರಾದರೆ ಮುಂದೆ ಹೋಗಿ.

ನನ್ನದು ಚಿಕ್ಕ ಕಾಫಿಪುಡಿ ಘಟಕ. ಹುರಿಯುವುದು, ಬೀಸುವುದು, ಪ್ಯಾಕ್ ಮಾಡುವುದು. ಕಾಫಿ ಬೋರ್ಡಿನ ಕಾಪಿ ಶಾಸ್ತ್ರ ಕೋರ್ಸ್ ಮಾಡಿಕೊಂಡು ಬಂದೆ. ಬೀಜದ ಬಗ್ಗೆ ಅಲ್ಲಿ ಹೇಳಿಕೊಡುವುದು ನಿಜಕ್ಕೂ ಒಳ್ಳೆಯದು. ಊರಿಗೆ ಬಂದ ಮೇಲೆ ಹಳೇ ಕಾಫಿ ವರ್ಕ್ಸ್ ನಡೆಸುತ್ತಿದ್ದ ಯಜಮಾನರೊಬ್ಬರು ಸಿಕ್ಕರು. ಅವರ ಮಕ್ಕಳು ಯಾರೂ ಆ ಕಸುಬಿಗೆ ಬರಲಿಲ್ಲ, ಮಾತಾಡಲು ಜನ ಬೇಕಿತ್ತು ಅನ್ನಿಸುತ್ತದೆ.

ಮೊದಲ ದಿನ ಅವರು ಮಾಡಿಸಿದ್ದು ಒಂದೇ ಲೆಕ್ಕ. ಬೀಜ ಕೆಜಿಗೆ 400 ಅಂತ ಇಟ್ಟುಕೋ. 100 ಕೆಜಿ ತಂದೆ, 40,000 ಆಯಿತು. ಹುರಿದ ಮೇಲೆ ಎಷ್ಟು ಉಳಿಯುತ್ತದೆ? ನೀರಿನಂಶ ಹಾರಿ, ಹೊಟ್ಟು ಹೋಗಿ 82ರಿಂದ 85 ಕೆಜಿ. ಅಂದರೆ ಏನೂ ಮಾಡದೆ ಕೆಜಿಗೆ 470ರಿಂದ 490ರ ಹತ್ತಿರ ಹೋಯಿತು. ಇನ್ನು ಗ್ಯಾಸು, ಕರೆಂಟು, ಕವರು, ಬೀಸುವಾಗ ಮಿಷನ್ನಿನಲ್ಲಿ ಉಳಿಯುವ ಪುಡಿ, ಗಾಡಿ ಪೆಟ್ರೋಲು. ಕೊನೆಗೆ ‘ನಿನ್ನ ಕೂಲಿ ಎಲ್ಲಿ ಬರೆದಿದ್ದೀಯ’ ಅಂತ ಕೇಳಿದರು. ತೋಟಕ್ಕೆ ಬರುವ ಹೆಂಗಸಿಗೆ ದಿನಕ್ಕೆ ಎಷ್ಟು ಕೊಡುತ್ತಾರೋ ಅಷ್ಟಾದರೂ ನಿನ್ನ ಹೆಸರಿಗೆ ಬರಿ, ಆಮೇಲೆ ಉಳಿದದ್ದು ಲಾಭ ಅಂದರು. ತರಬೇತಿಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಸಿರುತ್ತಾರೆ, ಅದರಲ್ಲಿ ಇದೆಲ್ಲ ಇರುತ್ತದೆ. ಆದರೆ ಅದು ಬ್ಯಾಂಕಿಗೆ ಬರೆದದ್ದು. ಇದು ನನಗೆ ಬರೆದದ್ದು.

ಎರಡನೆಯದು, ಯಾರಿಗೆ ಮಾರಬೇಕು. ನನಗೆ ಎಂಜಿ ರೋಡಿನಲ್ಲಿ ಅಂಗಡಿ ಇಡುವ ಆಸೆ. ಅವರು ಬೇಡ ಅಂದರು. ಅಲ್ಲಿ ಮೂರು ತಲೆಮಾರಿನಿಂದ ಪುಡಿ ಮಾರುವವರಿದ್ದಾರೆ, ಗಿರಾಕಿ ಮೂಗಿಗೆ ಆ ವಾಸನೆ ಕೂತುಬಿಟ್ಟಿದೆ. ನೀನು ಹೋಮ್‌ಸ್ಟೇಗಳಿಗೆ ಹೋಗು, ಮುಳ್ಳಯ್ಯನಗಿರಿ ನೋಡಲು ಬಂದವರು ಭಾನುವಾರ ವಾಪಸ್ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವಂಥ ಪ್ಯಾಕ್ ಮಾಡು ಅಂದರು. ಅದೇ ಇವತ್ತು ನನ್ನ ಮುಖ್ಯ ವ್ಯಾಪಾರ.

ದುಡ್ಡು ಒಂದು ರೂಪಾಯಿ ಕೊಡಲಿಲ್ಲ. ಕೊಟ್ಟಿದ್ದರೆ ನಾನು ಅವರ ಮನೆಗೆ ಅಷ್ಟು ಸಲೀಸಾಗಿ ಹೋಗುತ್ತಿರಲಿಲ್ಲ.

ಮುಂಗಾರು ಮಳೆಗಾಲ
ಚಿಕೋರಿ ಎಷ್ಟು ಹಾಕುತ್ತೀರಿ ಅಕ್ಕ?

ಪುಡಿಡಬ್ಬಿ (ಚಿಕ್ಕಮಗಳೂರು)
ಹೋಮ್‌ಸ್ಟೇಗೆ ಪ್ಯೂರ್. ಊರವರಿಗೆ 80:20. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಬರೆಯಲೇಬೇಕು.

ಆಲೂರು ಎಕ್ಸ್‌ಪ್ರೆಸ್
ಚಿಕೋರಿ ಇಲ್ಲದ ಫಿಲ್ಟರ್ ಕಾಫಿ ಫಿಲ್ಟರ್ ಕಾಫಿಯೇ ಅಲ್ಲ.

ಉಜಿರೆ ಬ್ಯಾಚ್ (ಮೂಡಿಗೆರೆ)
ಕಾಫಿ ಬೆಳೆಯುವ ಜಿಲ್ಲೆಯ ಚರ್ಚೆಯಲ್ಲಿ ಈ ಮಾತು ಬರೆದಿರಲ್ಲ, ಧೈರ್ಯ ಮೆಚ್ಚಬೇಕು.

ಸಂತೆಪೇಟೆ (ಹಾಸನ)
ಹೋಟೆಲ್ಲುಗಳಲ್ಲಿ ಅರ್ಧಕ್ಕರ್ಧ ಚಿಕೋರಿ ಇರುತ್ತದೆ ಅಂತಾರೆ, ನಿಜವಾ?

ಪುಡಿಡಬ್ಬಿ (ಚಿಕ್ಕಮಗಳೂರು)
ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಪ್ರಕಾರ ಮಿಶ್ರಣದಲ್ಲಿ ಕಾಫಿ ಕಡಿಮೆ ಅಂದರೂ 51% ಇರಬೇಕು. ಆ ಗೆರೆ ಮುಟ್ಟುವವರೆಗೂ ಎಳೆಯುವವರು ಇದ್ದಾರೆ.

ನಿರ್ವಾಹಕ
ಕಾಫಿಗೆ ಬೇರೆ ಎಳೆ ಇದೆ, ಅಲ್ಲಿ ಕಿತ್ತಾಡಿ. ಇಲ್ಲಿ ವಿಷಯಕ್ಕೆ ಬನ್ನಿ.

ಪಾಸ್‌ಬುಕ್ (ಹಾಸನ)
ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಕುರ್ಚಿಯಲ್ಲಿ ಬಹಳ ಕಾಲ ಕೂತು ನಿವೃತ್ತನಾದವನು. ಮಾರ್ಗದರ್ಶಕರು ಆಗಬೇಕು ಅನ್ನುವವರಿಗೆ ನಾಲ್ಕು ಮಾತು.

ಪಿಎಂಇಜಿಪಿ, ಅಂದರೆ ಹೊಸ ಘಟಕ ಹಾಕುವವರಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗೆ, ಸೇವಾ ಘಟಕಕ್ಕೆ 20 ಲಕ್ಷದವರೆಗೆ ಯೋಜನಾ ವೆಚ್ಚ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಸಬ್ಸಿಡಿ 25%. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ 35%. ಪಟ್ಟಣದಲ್ಲಾದರೆ 15 ಮತ್ತು 25. ಕೈಯಿಂದ ಹಾಕಬೇಕಾದ್ದು 10%, ಎರಡನೇ ಗುಂಪಿನವರು 5%.

ಹುಡುಗರಿಗೆ ಯಾರೂ ಬಿಡಿಸಿ ಹೇಳದ ಸಂಗತಿ ಇಲ್ಲಿದೆ. ಸಬ್ಸಿಡಿ ಕೈಗೆ ಬರುವುದಿಲ್ಲ. 10 ಲಕ್ಷದ ಘಟಕ, ಹಳ್ಳಿಯ ಹುಡುಗಿ ಅನ್ನೋಣ. ಅವಳದು 50 ಸಾವಿರ, ಬ್ಯಾಂಕಿನದು ಒಂಬತ್ತೂವರೆ ಲಕ್ಷ. ಸಬ್ಸಿಡಿ ಮೂರೂವರೆ ಲಕ್ಷ ಬಂದು ಅವಳ ಹೆಸರಿನ ಠೇವಣಿಯಾಗಿ ಮೂರು ವರ್ಷ ಕೂರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಇಲ್ಲ, ಅಷ್ಟೆ. ಮೂರು ವರ್ಷ ಘಟಕ ನಡೆದರೆ ಸಾಲಕ್ಕೆ ಜಮೆ. ಬಾಗಿಲು ಹಾಕಿದರೆ ಅದೂ ಇಲ್ಲ. ‘ಮೂರೂವರೆ ಲಕ್ಷ ಫ್ರೀ’ ಅಂದುಕೊಂಡು ಬಂದವರು ಮೊದಲ ಕಂತಿನ ದಿನ ಮುಖ ಸಪ್ಪೆ ಮಾಡುತ್ತಾರೆ.

ಎರಡನೆಯದು ಕೊಟೇಶನ್. ಆರು ಲಕ್ಷದ ಮಿಷನ್ನಿಗೆ ಒಂಬತ್ತು ಲಕ್ಷದ ಕೊಟೇಶನ್ ಬರೆಸುವ ಏಜೆಂಟರು ಇದ್ದಾರೆ. ಸಬ್ಸಿಡಿ ಜಾಸ್ತಿ ಬರುತ್ತದೆ ಅನ್ನುತ್ತಾರೆ. ಕಂತು ಒಂಬತ್ತು ಲಕ್ಷಕ್ಕೆ ಕಟ್ಟಬೇಕಲ್ಲ!

ಮೂರನೆಯದು, ಇದೇ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡದು: ಎಲ್ಲ ದುಡ್ಡನ್ನೂ ಮಿಷನ್ನಿಗೆ ಸುರಿಯುವುದು. ಚಾಲ್ತಿ ಬಂಡವಾಳಕ್ಕೆ ಏನೂ ಇಟ್ಟಿರುವುದಿಲ್ಲ. ಮಿಷನ್ ಬಂದಿದೆ, ಪೂಜೆ ಆಗಿದೆ, ಎಮ್ಮೆಲ್ಲೆ ಬಂದು ಟೇಪು ಕತ್ತರಿಸಿದ್ದಾರೆ, ಕೊಬ್ಬರಿ ಕೊಳ್ಳಲು ಕಾಸಿಲ್ಲ. ನಿಮ್ಮಂಥವರು ಜೊತೆಗಿದ್ದರೆ ಅರ್ಜಿ ಹಾಕುವ ಮುಂಚೆಯೇ ಇದನ್ನು ಹಿಡಿಯಬಹುದು.

ಹೇಮಾವತಿ ದಂಡೆ
ಬ್ಯಾಂಕಿನವರು ಬಂದಿದ್ದೀರಿ, ಬಿಡುವುದಿಲ್ಲ. ಮುದ್ರಾ ಸಾಲಕ್ಕೆ ಅಡಮಾನ ಬೇಡ ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ. ನಾನು ಹೋದರೆ ಅಪ್ಪನ ಹೆಸರಿನ ಪಹಣಿ ಕೇಳಿದರು. ಪಹಣಿ ಇದ್ದಿದ್ದರೆ ನಾನು ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆ?

ಪಾಸ್‌ಬುಕ್ (ಹಾಸನ)
ಕೇಳಿದ್ದು ತಪ್ಪು. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಮುದ್ರಾದಲ್ಲಿ ಶಿಶು ಅನ್ನುವ ಸಾಲ 50 ಸಾವಿರದವರೆಗೆ, ಕಿಶೋರ 5 ಲಕ್ಷ, ತರುಣ 10 ಲಕ್ಷ. ನೀವು ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಬೇಕು, ತಿರಸ್ಕರಿಸಿದರೆ ಕಾರಣ ಬರೆದು ಕೊಡಿ ಅನ್ನಬೇಕು. ಬಾಯಿಮಾತಿನಲ್ಲಿ ‘ನಾಳೆ ಬಾ’ ಅಂದದ್ದಕ್ಕೆ ಲೆಕ್ಕವಿಲ್ಲ.

ಹಾಗೆಂದು ಎಲ್ಲ ಸಲವೂ ಬ್ಯಾಂಕೇ ವಿಲನ್ ಅಲ್ಲ. ಸಿಬಿಲ್, ಅಂದರೆ ಹಳೇ ಸಾಲ ಹೇಗೆ ಕಟ್ಟಿದ್ದಾರೆ ಅನ್ನುವ ದಾಖಲೆ, ತೆಗೆದು ನೋಡಿದರೆ ಮೊಬೈಲ್ ಕಂತು ಬಾಕಿ, ಆ್ಯಪ್‌ನಲ್ಲಿ ತಗೊಂಡ ಐದು ಸಾವಿರದ ಸಾಲ ಬಾಕಿ. 21 ವರ್ಷಕ್ಕೇ ಹೆಸರು ಕೆಟ್ಟಿರುತ್ತದೆ. ಹುಡುಗನಿಗೆ ಅದು ಗೊತ್ತೂ ಇರುವುದಿಲ್ಲ.

ಹೇಮಾವತಿ ದಂಡೆ
ಸ್ವೀಕೃತಿ ಕೇಳಿದರೆ ಹೊರಗೆ ಕಳಿಸುತ್ತಾರೆ ಸಾರ್. ಜೊತೆಗೆ ಬಿಳಿ ಶರ್ಟಿನವರು ಒಬ್ಬರಿದ್ದರೆ ಮಾತ್ರ ಕುರ್ಚಿ ಸಿಗುತ್ತದೆ.

ಇನ್ನೊಂದು ವಿಷಯ ಇಲ್ಲಿ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಾನು ಬೈಕ್ ಸರ್ವಿಸ್ ಕಲಿತವನು. ಅಂಗಡಿ ಬಾಡಿಗೆಗೆ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆ ಅಡ್ವಾನ್ಸ್ ಎಷ್ಟು ಕೊಡುತ್ತೀಯ ಅಂತಲ್ಲ, ‘ಯಾವ ಕಡೆಯವರು?’ ಅಂತ. ಅದು ಯಾವ ಊರು ಅಂತ ಕೇಳುವ ಪ್ರಶ್ನೆ ಅಲ್ಲ ಅಂತ ನಿಮಗೂ ಗೊತ್ತು. ಹೇಳಿದ ಮೇಲೆ ‘ತಮ್ಮನ ಮಗನಿಗೆ ಕೊಡಬೇಕು ಅಂದುಕೊಂಡಿದ್ದೇವೆ’. ಕೊನೆಗೆ ಗ್ಯಾರೇಜಿನ ಸಾಬರೊಬ್ಬರು ತಮ್ಮ ಹೆಸರಿಗೆ ಕರಾರು ಮಾಡಿಸಿ ಅರ್ಧ ಜಾಗ ನನಗೆ ಕೊಟ್ಟರು. ನನಗೆ ಸಿಕ್ಕ ಮಾರ್ಗದರ್ಶನ ಅದು. 35% ಸಬ್ಸಿಡಿ, 5% ಸ್ವಂತ ಹಣ ಎಲ್ಲ ಕಾಗದದಲ್ಲಿ ಚೆನ್ನಾಗಿದೆ, ಶೆಟರ್ ಬೇಕಲ್ಲ?

ಅಂಗಡಿಬೀದಿಯವರೇ, ನೀವು ಆರಿಸುವ ಹುಡುಗರಲ್ಲಿ ನಿಮ್ಮ ನೆಂಟರು, ನಿಮ್ಮ ಜನ ಎಷ್ಟು, ಬೇರೆಯವರು ಎಷ್ಟು ಅಂತ ಮೊದಲು ನೋಡಿಕೊಳ್ಳಿ. ಬೇಜಾರು ಮಾಡಿಕೊಳ್ಳಬೇಡಿ.

ಅಂಗಡಿಬೀದಿ (ಅರಸೀಕೆರೆ)
ಬೇಜಾರೇನಿಲ್ಲ. ಪಟ್ಟಿ ತೆಗೆದು ನೋಡಿದೆ. ನೀವು ಹೇಳಿದ್ದು ಸರಿ ಇದೆ, ಎಲ್ಲರೂ ಗೊತ್ತಿರುವ ಮನೆಯವರೇ. ಆರ್‌ಸೆಟಿಯಿಂದ ತರಬೇತಿ ಆದವರ ಹೆಸರು ಕೇಳಿ, ನಮಗೆ ಪರಿಚಯ ಇಲ್ಲದವರಿಂದ ಶುರು ಮಾಡಬೇಕು ಅಂತ ಮೇಷ್ಟ್ರಿಗೆ ಹೇಳಿದ್ದೇನೆ.

ಗಿರಿಸಾಲು
ನನ್ನ ಪ್ರಕಾರ ಇದೆಲ್ಲ ಓವರ್ ಆಯಿತು. ಹಿಂದೆ ಉಡುಪಿ ಕಡೆಯ ಹುಡುಗರು ಹಾಸನದ ಹೋಟೆಲ್ಲಿಗೆ ಬಂದು ಲೋಟ ತೊಳೆದು, ಸಪ್ಲೈ ಮಾಡಿ, ಗಲ್ಲಾ ಮೇಲೆ ಕೂತು, ಆಮೇಲೆ ಸ್ವಂತ ಹೋಟೆಲ್ ಇಟ್ಟರು. ಯಾವ ಸರ್ಟಿಫಿಕೇಟು, ಯಾವ ಮೆಂಟರು? ಕೈ ಕೆಸರಾದರೆ ಬಾಯಿ ಮೊಸರು. ಈಗಿನವರಿಗೆ ಮೊದಲ ದಿನವೇ ಓನರ್ ಆಗಬೇಕು.

ಪುಡಿಡಬ್ಬಿ (ಚಿಕ್ಕಮಗಳೂರು)
ಸಂಬಳ ಇಲ್ಲದೆ ಹತ್ತು ವರ್ಷ ಲೋಟ ತೊಳೆದು ಅಲ್ಲೇ ಉಳಿದವರ ಕಥೆ ಯಾರೂ ಹೇಳುವುದಿಲ್ಲ, ಅದಕ್ಕೆ ಚೆನ್ನಾಗಿ ಕಾಣುತ್ತದೆ. ಹುಡುಗಿಯರನ್ನಂತೂ ಯಾರೂ ಗಲ್ಲಾ ಮೇಲೆ ಕೂರಿಸುತ್ತಿರಲಿಲ್ಲ.

ಹೇಮಾವತಿ ದಂಡೆ
ನಮ್ಮನ್ನು ಅಡುಗೆಮನೆಗೇ ಬಿಡುತ್ತಿರಲಿಲ್ಲ, ಅದನ್ನೂ ಸೇರಿಸಿಕೊಳ್ಳಿ.

ಗಿರಿಸಾಲು
ಎಲ್ಲದಕ್ಕೂ ಜಾತಿ ತರಬೇಡಿ. ನಾನು ಹೇಳಿದ್ದು ಕೆಲಸ ಕಲಿತು ವ್ಯಾಪಾರಕ್ಕೆ ಇಳಿಯಿರಿ ಅಂತ ಅಷ್ಟೆ.

ಸಂತೆಪೇಟೆ (ಹಾಸನ)
ಅಷ್ಟು ಮಾತ್ರ ಹೇಳಿದ್ದರೆ ಎಲ್ಲರೂ ಒಪ್ಪುತ್ತಿದ್ದರು. ಬೇಕರಿ ಇಡುವವನು ಆರು ತಿಂಗಳು ಬೇರೆಯವರ ಬೇಕರಿಯಲ್ಲಿ ಸಂಬಳಕ್ಕೆ ಇರಲಿ. ಬ್ರೆಡ್ ಮಾಡುವುದು ತರಬೇತಿಯಲ್ಲಿ ಬರುತ್ತದೆ. ಸಂಜೆ ಉಳಿದ ಬ್ರೆಡ್ ಏನು ಮಾಡುವುದು ಅನ್ನುವುದು ಬೇಕರಿಯಲ್ಲಿ ಮಾತ್ರ ಬರುತ್ತದೆ.

ಬೇಕರಿ ಅಂದಾಗ ನೆನಪಾಯಿತು. ನಮ್ಮ ಬಡಾವಣೆಯ ಹುಡುಗನೊಬ್ಬ ಹಾಸನಾಂಬೆ ದರ್ಶನದ ಸಮಯದಲ್ಲಿ ತಿಂಡಿ ಸ್ಟಾಲ್ ಹಾಕಿದ್ದ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ದೇವಸ್ಥಾನ, ಜನ ಕೇಳಬೇಕಾ? ಸಿಕ್ಕಾಪಟ್ಟೆ ವ್ಯಾಪಾರ. ಆ ಲೆಕ್ಕ ಹಿಡಿದು ದೊಡ್ಡ ಓವನ್‌ಗೆ ಸಾಲ ಮಾಡಲು ಹೊರಟ. ಅವನ ಸೋದರಮಾವ ಒಂದೇ ಮಾತು ಕೇಳಿದರು: ‘ದೀಪಾವಳಿ ಮುಗಿದ ಮೇಲೆ ಯಾರಿಗೆ ಮಾರ್ತೀಯ?’ ಈಗ ಚಿಕ್ಕ ಓವನ್ನಿನಲ್ಲೇ ಎರಡು ಕಾಲೇಜು ಕ್ಯಾಂಟೀನ್‌ಗೆ ಪಫ್ಸ್ ಕೊಡುತ್ತಾನೆ. ಮೆಂಟರ್ ಅಂದರೆ ಆ ಸೋದರಮಾವ. ಎಲ್ಲರಿಗೂ ಅಂಥ ಸೋದರಮಾವ ಇರುವುದಿಲ್ಲ, ಸಮಸ್ಯೆ ಅದು.

ಸೂಜಿದಾರ (ಬೇಲೂರು)
ಹೆಣ್ಣುಮಕ್ಕಳ ಕಡೆಯಿಂದ ಎರಡು ಮಾತು. ಹೊಲಿಗೆ ತರಬೇತಿ ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಹಳ್ಳಿಗೆ ಐದು ಜನ ಟೈಲರ್. ಬ್ಲೌಸ್ ಹೊಲಿಸುವವರು ಅಷ್ಟೇ ಇದ್ದಾರೆ. ರೇಟು ಇಳಿಸಿ ಇಳಿಸಿ ಎಲ್ಲರೂ ಸೊರಗುತ್ತಾರೆ. ನನಗೆ ಕಲಿಸಿದ ಅಕ್ಕ ಬ್ಲೌಸ್ ಬಿಡು, ಸ್ಕೂಲ್ ಯೂನಿಫಾರ್ಮ್ ಹಿಡಿ ಅಂದರು. ಏಪ್ರಿಲ್‌ನಲ್ಲೇ ಹೆಡ್‌ಮಾಸ್ಟರ್ ಹತ್ತಿರ ಮಾತಾಡಬೇಕು, ಜೂನ್‌ನಲ್ಲಿ ಹೋದರೆ ಮುಗಿದಿರುತ್ತದೆ. ಇಂಥ ವಿಷಯ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಮತ್ತೆ ಮದುವೆ. ಎರಡು ವರ್ಷ ಒಬ್ಬ ಹುಡುಗಿಯ ಜೊತೆ ಕೂತು ವ್ಯಾಪಾರ ಕಟ್ಟಿದಿರಿ, ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋದಳು ಅಂದರೆ? ‘ಶ್ರಮ ವ್ಯರ್ಥ’ ಅಂತ ಗಂಡಸರು ಅನ್ನುವುದನ್ನು ಕೇಳಿದ್ದೇನೆ. ಮಿಷನ್ ಅವಳ ಹೆಸರಿನಲ್ಲಿ, ಖಾತೆ ಅವಳ ಹೆಸರಿನಲ್ಲಿ ಇದ್ದರೆ ಅವಳ ಜೊತೆಗೇ ಹೋಗುತ್ತದೆ. ಅಣ್ಣನ ಹೆಸರಿನಲ್ಲಿದ್ದರೆ ಮಾತ್ರ ವ್ಯರ್ಥ. ಶುರುವಿನಲ್ಲೇ ನೋಡಿಕೊಳ್ಳಿ.

ಬಯಲುಸೀಮೆ (ಕಡೂರು)
ಎಲ್ಲ ಬರೆದಿರಿ, ಉದ್ರಿ ಬಗ್ಗೆ ಯಾರೂ ಬರೆಯಲಿಲ್ಲ. ಹಳ್ಳಿ ಅಂಗಡಿ ಮುಳುಗುವುದು ವ್ಯಾಪಾರ ಇಲ್ಲದೆ ಅಲ್ಲ, ಉದ್ರಿಯಿಂದ. ಚಿಕ್ಕಪ್ಪ ಬಂದು ‘ಬರ್ಕೊಳ್ಳೋ’ ಅಂತ ಎರಡು ಬ್ಯಾಗ್ ಫೀಡ್ ಎತ್ತಿಕೊಂಡು ಹೋದರೆ ಹೇಗೆ ಬೇಡ ಅನ್ನುತ್ತೀರಿ? ನಾನು ಹೊಸಬರಿಗೆ ಹೇಳುವುದು ಒಂದೇ, ಸ್ವಂತ ಊರಿನಲ್ಲಿ ಅಂಗಡಿ ಇಡಬೇಡಿ. ಎರಡು ಊರು ಆಚೆ ಇಡಿ.

ಸಂತೆಪೇಟೆ (ಹಾಸನ)
ಆಚೆ ಊರಿನಲ್ಲಿ ನಿಮ್ಮನ್ನು ನಂಬಿ ಯಾರು ಬರುತ್ತಾರೆ? ಉದ್ರಿ ಕೊಡದೆ ಹಳ್ಳಿಯಲ್ಲಿ ಅಂಗಡಿ ನಡೆದ ಉದಾಹರಣೆ ಒಂದು ತೋರಿಸಿ.

ಬಯಲುಸೀಮೆ (ಕಡೂರು)
ಪೂರ್ತಿ ಬೇಡ ಅಂದಿಲ್ಲ. ಯಾರಿಗೆ, ಎಷ್ಟು, ಎಲ್ಲಿಯವರೆಗೆ ಅನ್ನುವ ಲೆಕ್ಕ ಬೇಕು. ನಮ್ಮ ಕಡೆ ಡೇರಿ ಬಟವಾಡೆ ಆದ ದಿನ ದುಡ್ಡು ಓಡಾಡುತ್ತದೆ. ಹಾಲು ಹಾಕುವ ಮನೆಗೆ ಮುಂದಿನ ಬಟವಾಡೆವರೆಗೆ ಕೊಡಬಹುದು. ರಾಗಿ, ಈರುಳ್ಳಿ ನಂಬಿದವರಿಗೆ ಸುಗ್ಗಿವರೆಗೆ ಕಾಯಬೇಕು, ಮಳೆ ಕೈಕೊಟ್ಟರೆ ಮುಂದಿನ ವರ್ಷ. ಹುಡುಗನಿಗೆ ಇದು ಗೊತ್ತಿರುವುದಿಲ್ಲ, ಎಲ್ಲರಿಗೂ ಒಂದೇ ಪುಸ್ತಕದಲ್ಲಿ ಬರೆಯುತ್ತಾ ಹೋಗುತ್ತಾನೆ.

ಉಜಿರೆ ಬ್ಯಾಚ್ (ಮೂಡಿಗೆರೆ)
ನಮ್ಮಲ್ಲಿ ಬೇರೆ ಕ್ಯಾಲೆಂಡರ್. ತೋಟಗಳಲ್ಲಿ ವಾರದ ಬಟವಾಡೆ, ಮಾರನೇ ದಿನ ಸಂತೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಆಮೇಲೆ ರೋಬಸ್ಟಾ, ಮಾರ್ಚ್‌ವರೆಗೂ ಕೆಲಸದವರು ತುಂಬಿರುತ್ತಾರೆ. ಮೊಬೈಲ್ ರೀಚಾರ್ಜ್, ಚಪ್ಪಲಿ, ಬಟ್ಟೆ ಎಲ್ಲ ಓಡುತ್ತದೆ. ಜೂನ್ ಬಂತು ಅಂದರೆ ಮಳೆ, ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ರಸ್ತೆ ಮೇಲೆ ಮರ. ನನ್ನ ಸ್ನೇಹಿತನೊಬ್ಬ ಸಾಲ ಮಂಜೂರಾಯಿತು ಅಂತ ಜೂನ್‌ನಲ್ಲಿ ಜೆರಾಕ್ಸ್ ಅಂಗಡಿ ತೆಗೆಯಲು ಹೊರಟಿದ್ದ. ಸೆಪ್ಟೆಂಬರ್‌ವರೆಗೆ ತಡಿ ಅಂತ ಹೇಳಲು ಊರಿನವರೇ ಬೇಕು, ಹೊರಗಿನ ಟ್ರೈನರ್‌ಗೆ ಹೇಗೆ ಗೊತ್ತಾಗುತ್ತದೆ?

ಅಂಗಡಿಬೀದಿ (ಅರಸೀಕೆರೆ)
ಇದು ಬಹಳ ಒಳ್ಳೆಯ ಪಾಯಿಂಟ್. ನಮಗೆ ಕೊಬ್ಬರಿ ದುಡ್ಡಿನ ಕ್ಯಾಲೆಂಡರ್. ಬರೆದಿಟ್ಟುಕೊಂಡೆ.

ಗಿರಿಸಾಲು
ಅಣಬೆ ಬಗ್ಗೆ ಯಾರೂ ಮಾತಾಡುತ್ತಿಲ್ಲ ಯಾಕೆ? ಯೂಟ್ಯೂಬ್‌ನಲ್ಲಿ ತಿಂಗಳಿಗೆ ಲಕ್ಷ ಅಂತಾರೆ.

ಸೂಜಿದಾರ (ಬೇಲೂರು)
ಯೂಟ್ಯೂಬ್‌ನಲ್ಲಿ ಲಕ್ಷ ಬರುವುದು ಅಣಬೆಯಿಂದಲ್ಲ, ಯೂಟ್ಯೂಬ್‌ನಿಂದ.

ಪಾಸ್‌ಬುಕ್ (ಹಾಸನ)
ಚಿಪ್ಪಣಬೆ ಬೆಳೆಯುವುದು ಕಷ್ಟವಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಬೀಜ ಸಿಗುತ್ತದೆ, ಹುಲ್ಲು ನಮ್ಮಲ್ಲೇ ಇದೆ. ಕೊಯ್ದ ಮೇಲೆ ಒಂದೆರಡು ದಿನದಲ್ಲಿ ಮಾರಬೇಕು, ಅಲ್ಲೇ ಕಷ್ಟ. ಹಾಸನದ ಗಿರಾಕಿ ಬಟನ್ ಅಣಬೆ ಕೇಳುತ್ತಾನೆ, ಚಿಪ್ಪಣಬೆ ನೋಡಿ ‘ಇದೇನ್ರೀ’ ಅನ್ನುತ್ತಾನೆ. ಮೊದಲು ಹತ್ತು ಮನೆ, ಎರಡು ಹೋಟೆಲ್ ಗೊತ್ತು ಮಾಡಿಕೊಂಡು ಆಮೇಲೆ ಹುಲ್ಲು ನೆನೆಸಿ.

ತರೀಕೆರೆ ತಿರುವು
ಮಾರುಕಟ್ಟೆ ಅಂದಿರಲ್ಲ, ಅಡಿಕೆ ಹಾಳೆ ತಟ್ಟೆ ನೋಡಿ. ನಮ್ಮ ಕಡೆ ಬಹಳ ಜನ ಮಿಷನ್ ಹಾಕಿದರು, ರಫ್ತು ರಫ್ತು ಅಂತ. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆ ಊಟಕ್ಕೆ ಸುರಕ್ಷಿತ ಅಂತ ಒಪ್ಪಲು ಆಗುವುದಿಲ್ಲ ಎಂದು ಆಮದಿಗೆ ತಡೆ ಹಾಕಿತು. ಇಲ್ಲಿ ಕೂತ ಹುಡುಗ ಏನು ಮಾಡಬೇಕು? ಮದುವೆ ಮನೆ, ದೇವಸ್ಥಾನಕ್ಕೆ ಮಾರುತ್ತಿದ್ದವರು ಉಳಿದುಕೊಂಡರು. ಒಬ್ಬನೇ ಏಜೆಂಟನಿಗೆ ಎಲ್ಲ ಮಾಲು ಕೊಡುತ್ತಿದ್ದವರು ಸಿಕ್ಕಿಬಿದ್ದರು.

ಆಲೂರು ಎಕ್ಸ್‌ಪ್ರೆಸ್
ಸೀರಿಯಸ್ ಆಗಿ ಒಂದು ಪ್ರಶ್ನೆ. ಅರಸೀಕೆರೆ ಕಡೆ ತೆಂಗಿನ ಉತ್ಪನ್ನಕ್ಕೆ ಬೇರೆ ಸ್ಕೀಮ್ ಇದೆಯಂತಲ್ಲ?

ಪಾಸ್‌ಬುಕ್ (ಹಾಸನ)
ಪಿಎಂಎಫ್‌ಎಂಇ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ, 2020ರಿಂದ ಇದೆ. ಕೇಂದ್ರದ್ದು 35%, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಮೇಲೆ 15% ಸೇರಿಸುತ್ತದೆ, ಒಟ್ಟು 50%, ಗರಿಷ್ಠ 15 ಲಕ್ಷ. ಜಿಲ್ಲೆಗೊಂದು ಉತ್ಪನ್ನ ಅಂತ ಹಾಸನಕ್ಕೆ ತೆಂಗು, ಚಿಕ್ಕಮಗಳೂರಿಗೆ ಸಾಂಬಾರ ಪದಾರ್ಥ. ಬೇರೆ ಆಹಾರ ಘಟಕಕ್ಕೂ ಈಗ ಅರ್ಜಿ ಹಾಕಬಹುದು. ಪ್ರತಿ ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿರುತ್ತಾರೆ, ಯೋಜನಾ ವರದಿ ಬರೆಯಲು ಸಹಾಯ ಮಾಡುವುದೇ ಅವರ ಕೆಲಸ. ಅವರಿಗೆ ಸರ್ಕಾರ ದುಡ್ಡು ಕೊಡುತ್ತದೆ, ನೀವು ಕೊಡಬೇಕಾಗಿಲ್ಲ.

ಸೂಜಿದಾರ (ಬೇಲೂರು)
ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಸಣ್ಣ ಉದ್ಯಮದವರು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಕೂಡ ಪೂರ್ತಿ ಉಚಿತ. ಅದಕ್ಕೂ ಸೈಬರ್ ಸೆಂಟರ್‌ನಲ್ಲಿ ಸಾವಿರ, ಎರಡು ಸಾವಿರ ಕೊಟ್ಟು ಬಂದವರು ನಮ್ಮ ಸಂಘದಲ್ಲೇ ಇದ್ದಾರೆ.

ಗಿರಿಸಾಲು
ಎಲ್ಲಕ್ಕಿಂತ ಮೊದಲು ಹುಡುಗರಿಗೆ ಕ್ಯೂಆರ್ ಕೋಡ್ ತೆಗೆಯಲು ಹೇಳಿ. ಜಿಎಸ್‌ಟಿ ನೋಟಿಸ್ ಬರುತ್ತದೆ. ಬೆಂಗಳೂರಿನಲ್ಲಿ ಏನಾಯಿತು ನೋಡಿದಿರಲ್ಲ.

ಪಾಸ್‌ಬುಕ್ (ಹಾಸನ)
ದಯವಿಟ್ಟು ಈ ಸಲಹೆ ಕೊಡಬೇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನೋಟಿಸ್ ಕೊಟ್ಟದ್ದು ನಿಜ. ಆದರೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ಹೊಸ ಹುಡುಗ ಅಲ್ಲಿಗೆ ಮುಟ್ಟಿದರೆ ಸಂತೋಷ ಪಡೋಣ. ಅವನ ಮುಂದಿನ ಸಾಲಕ್ಕೆ ಇರುವ ಒಂದೇ ಸಾಕ್ಷಿ ಆ ಯುಪಿಐ ಸ್ಟೇಟ್‌ಮೆಂಟ್. ಒಂದು ಮಾತು: ಅಂಗಡಿ ಖಾತೆ ಬೇರೆ, ಮನೆ ಖಾತೆ ಬೇರೆ ಇರಲಿ. ಫ್ರೆಂಡ್ಸ್ ಟ್ರಿಪ್‌ಗೆ ಹಾಕಿದ ದುಡ್ಡೂ ವ್ಯಾಪಾರ ಅಂತ ಕಾಣಬಾರದು.

ಪುಡಿಡಬ್ಬಿ (ಚಿಕ್ಕಮಗಳೂರು)
ಮೂಲ ಪ್ರಶ್ನೆಗೆ ನನ್ನ ಉತ್ತರ: ಮೆಂಟರ್ ಆದವರು ಸಾಲ ಕೊಡಬಾರದು, ಪಾಲು ಕೇಳಬಾರದು, ಅದೇ ಊರಿನಲ್ಲಿ ಅದೇ ವ್ಯಾಪಾರ ಮಾಡುತ್ತಿರಬಾರದು. ಹಾರ್ಡ್‌ವೇರ್ ಅಂಗಡಿಯವರು ಪೇಂಟ್ ಅಂಗಡಿ ಇಡುವ ಹುಡುಗನಿಗೆ ಸಲಹೆ ಕೊಟ್ಟರೆ ಒಂದಲ್ಲ ಒಂದು ದಿನ ಜಗಳ ಆಗುತ್ತದೆ.

ಬಯಲುಸೀಮೆ (ಕಡೂರು)
ಪಾಲು ಬೇಡ ಅನ್ನುವುದು ಒಪ್ಪುವುದಿಲ್ಲ. ಸ್ವಂತ ದುಡ್ಡು ಇಲ್ಲದವರು ಎಷ್ಟು ದಿನ ಆಸಕ್ತಿಯಿಂದ ಬರುತ್ತಾರೆ? ಮೂರು ತಿಂಗಳು. ಆಮೇಲೆ ಮದುವೆ ಸೀಸನ್, ಚುನಾವಣೆ, ಏನೋ ಒಂದು.

ಉಜಿರೆ ಬ್ಯಾಚ್ (ಮೂಡಿಗೆರೆ)
ದುಡ್ಡಿಲ್ಲದೆಯೂ ನಡೆದಿದೆ. ಭಾರತೀಯ ಯುವ ಶಕ್ತಿ ಟ್ರಸ್ಟ್ 1992ರಿಂದ ಇದನ್ನೇ ಮಾಡುತ್ತಿದೆ, ಒಬ್ಬ ಹುಡುಗನಿಗೆ ಒಬ್ಬ ಸ್ವಯಂಸೇವಕ ಮೆಂಟರ್. ಜೆ.ಆರ್.ಡಿ. ಟಾಟಾ ಅದರ ಮೊದಲ ಅಧ್ಯಕ್ಷರಾಗಿದ್ದರು. ಅಲ್ಲೂ ಮೆಂಟರ್‌ಗಳಿಗೆ ತರಬೇತಿ ಕೊಡುತ್ತಾರೆ, ಸುಮ್ನೆ ಬಿಡುವುದಿಲ್ಲ. ನಿಮಗೆ ಮೊದಲು ಬೇಕಾದ್ದು ಅದು ಅನ್ನಿಸುತ್ತದೆ ನನಗೆ. ವ್ಯಾಪಾರ ಗೊತ್ತಿರುವವರಿಗೆಲ್ಲ ಕೇಳಿಸಿಕೊಳ್ಳಲು ಬರುವುದಿಲ್ಲ.

ಹೇಮಾವತಿ ದಂಡೆ
ನಿಜ. ‘ನಮ್ಮ ಕಾಲದಲ್ಲಿ’ ಅಂತ ಶುರು ಮಾಡಿದರೆ ಹುಡುಗ ಮುಂದಿನ ವಾರ ಬರುವುದಿಲ್ಲ. ಗಿರಿಸಾಲು ಅವರೇ, ನಿಮಗಲ್ಲ.

ಗಿರಿಸಾಲು
ನನಗೇ ಅಂತ ಗೊತ್ತಾಯಿತು ಬಿಡಿ.

ಅಂಗಡಿಬೀದಿ (ಅರಸೀಕೆರೆ)
ನೆನ್ನೆ ಸಂಜೆ ಎಲ್ಲರೂ ಕೂತಿದ್ದೆವು. ನಾಲ್ಕು ಜನರಿಂದ ಶುರು, ಅದರಲ್ಲಿ ಇಬ್ಬರು ಹುಡುಗಿಯರು. ನಮ್ಮಿಂದ ಸಾಲ ಇಲ್ಲ. ಅದೇ ಲೈನಿನವರು ಅದೇ ಲೈನಿನ ಹುಡುಗನಿಗೆ ಇಲ್ಲ. ಅರ್ಜಿ ಹಾಕುವ ಮುಂಚೆ ಸಿಬಿಲ್ ನೋಡುವುದು, ಕೊಟೇಶನ್ ಬೇರೆ ಎರಡು ಕಡೆ ವಿಚಾರಿಸುವುದು, ಚಾಲ್ತಿ ಬಂಡವಾಳ ಬಿಟ್ಟಿದ್ದಾರಾ ಅಂತ ನೋಡುವುದು ತೆರಿಗೆ ಲೆಕ್ಕದವರ ಜವಾಬ್ದಾರಿ. ಬ್ಯಾಂಕಿಗೆ ಜೊತೆಗೆ ಹೋಗುವುದು ಮೇಷ್ಟ್ರು, ಅವರಿಗೆ ಬಿಳಿ ಶರ್ಟು ಇದೆ. ಅಂಗಡಿ ಬಾಡಿಗೆ ವಿಷಯದಲ್ಲಿ ಕಟ್ಟಡದವರ ಜೊತೆ ನಾನು ಮಾತಾಡುತ್ತೇನೆ. ಪಾಲಿನ ವಿಷಯದಲ್ಲಿ ಒಮ್ಮತ ಆಗಲಿಲ್ಲ, ನಮ್ಮ ಗುಂಪಿನ ಬೇಕರಿಯವರು ಇನ್ನೂ ಪಟ್ಟು ಹಿಡಿದಿದ್ದಾರೆ.

ಪುಡಿಡಬ್ಬಿಯವರೇ, ಆ ಕಾಫಿ ಲೆಕ್ಕವನ್ನು ಕೊಬ್ಬರಿಗೆ ಹೊಂದಿಸಿ ಒಂದು ಸಲ ಬಂದು ಮಾಡಿಸಬಹುದಾ? ಎಣ್ಣೆ ಘಟಕ ಮಾಡಬೇಕು ಅನ್ನುವ ಹುಡುಗಿ ಒಬ್ಬಳಿದ್ದಾಳೆ.

ಪುಡಿಡಬ್ಬಿ (ಚಿಕ್ಕಮಗಳೂರು)
ಬರುತ್ತೇನೆ, ಶನಿವಾರ ಭಾನುವಾರ ಬಿಟ್ಟು ಯಾವತ್ತಾದರೂ. ಅವಳಿಗೆ ಅಷ್ಟರಲ್ಲಿ ಒಂದು ಕೆಲಸ ಹೇಳಿ. ಹತ್ತು ಕೆಜಿ ಕೊಬ್ಬರಿ ಗಾಣಕ್ಕೆ ಹಾಕಿಸಿ ಎಷ್ಟು ಎಣ್ಣೆ, ಎಷ್ಟು ಹಿಂಡಿ ಬಂತು ಅಂತ ಅವಳೇ ನಿಂತು ತೂಕ ಮಾಡಿಸಲಿ. ಗಾಣದವನು ಹೇಳಿದ ತೂಕ ಬರೆದುಕೊಂಡು ಬರುವುದು ಬೇಡ.

ಬಯಲುಸೀಮೆ (ಕಡೂರು)
ಹಿಂಡಿ ನಮಗೆ ಕೊಡಿ, ಹಸು ಇವೆ. ನಗದು ಕೊಡುತ್ತೇನೆ.

ಸಂತೆಪೇಟೆ (ಹಾಸನ)
ನಗದು ಅಂತೆ! ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.